ಮಕ್ಕಳ ವಾರ್ಡಿನ ಕಂಪ್ಯೂಟರ್ ಉಳಿದದ್ದೇಕೆ

"ಮೇಟ್ರನ್ ಅಮ್ಮ, ಮಧ್ಯಾಹ್ನದೊಳಗೆ ನನ್ನನ್ನ ಮನೆಗೆ ಕಳಿಸಿಬಿಡ್ತಾರೆ. ಕೆಲಸ ಹೋದ್ರೆ ಇಲ್ಲಿ ಮಗಳಿಗೆ ಸಿಕ್ಕಿರೋ ಹಾಸಿಗೆನೂ ಹೋಗುತ್ತೆ."

ಬಾಗಿಲಲ್ಲಿ ನಿಂತವಳು ಆಸ್ಪತ್ರೆಯ ಕಂಪ್ಯೂಟರ್ ಆಪರೇಟರ್, ಗುತ್ತಿಗೆಯವಳು. ಒಳಗಿದ್ದವರು ನಿವೃತ್ತರಾದರೂ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್ ಬಿಡದ ಮೇಟ್ರನ್. ಕಾಣೆಯಾದ ಔಷಧಿಯಿಂದ ಅದಲುಬದಲಾದ ಕೂಸಿನವರೆಗೆ ಅಲ್ಲಿನ ಕಗ್ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತಿದ್ದುದು ಅವರ ಕೈಯಲ್ಲೇ. ಕಾಂಪೌಂಡರ್ ಅವರ ನೆರಳು. ಅವಳ ಮುಖ ನೋಡಿ ಅವನು ಚಹಾ ಲೋಟ ಕೆಳಗಿಟ್ಟ.

ನಡೆದದ್ದು ಇಷ್ಟು. ವಾರ್ಡುಗಳ ಕಂಪ್ಯೂಟರುಗಳಲ್ಲಿ ಸೇರುವ ಕಸ ಅಳಿಸಲು 'ಪೊರಕೆ' ಎಂಬ ಸಾಧನವಿತ್ತು. ಬೆಳಿಗ್ಗೆ ಅವಳು ದಿನದಂತೆ ಆಜ್ಞೆ ಕೊಟ್ಟಿದ್ದಳು: ತಾತ್ಕಾಲಿಕ ಕಡತ ಅಳಿಸು. ಪೊರಕೆ ರೋಗಿಗಳ ಪರೀಕ್ಷಾ ವರದಿಗಳನ್ನೂ ಗುಡಿಸಿ ಹಾಕಿತ್ತು. ಉಳಿದದ್ದು ಮಕ್ಕಳ ವಾರ್ಡಿನ ಕಂಪ್ಯೂಟರ್ ಒಂದೇ. ಅವಳ ಮಗಳು ಮಲಗಿದ್ದೂ ಆ ವಾರ್ಡಿನಲ್ಲೇ.

"ಗುತ್ತಿಗೆ ಮುಂದುವರಿಸಲ್ಲ ಅಂದಿದ್ದಕ್ಕೆ ಸೇಡು ತೀರಿಸ್ಕೊಂಡೆ, ಮಗಳದ್ದು ಮಾತ್ರ ಉಳಿಸ್ಕೊಂಡೆ ಅಂತಾರೆ ನಮ್ಮ ಮುಖ್ಯಸ್ಥರು."

ಮೇಟ್ರನ್ ಚಪ್ಪಲಿ ಮೆಟ್ಟಿದರು.

ವಾರ್ಡು ವಾರ್ಡಿನಲ್ಲೂ ನರ್ಸುಗಳು ಖಾಲಿ ಪರದೆಯ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದರು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಮಾತ್ರ ಮಕ್ಕಳ ವಾರ್ಡಿನಲ್ಲಿ ಕೂತು ಪೆನ್‌ಡ್ರೈವ್ ಸಿಕ್ಕಿಸುತ್ತಿದ್ದರು.

"ಹೊಸ ಯಂತ್ರ, ನಿನ್ನೆ ಬಂತು, ವಾರ್ಡಿನ ವರದಿ ಮಾತ್ರ ತುಂಬಿದೆ. ಮಿಕ್ಕವುಗಳ ಥರ ಸಜ್ಜು ಮಾಡ್ತಿದ್ದೀನಿ."

"ಕೈ ತೆಗೀರಿ. ಅದು ಸಾಕ್ಷಿ."

"ಯಂತ್ರ ಸಾಕ್ಷಿ ಹೇಳುತ್ತಾ?"

"ಮನುಷ್ಯರು ಬಾಯಿ ಬಿಡದಿದ್ರೆ ಅದೇ ಹೇಳಬೇಕು. ಕಾಂಪೌಂಡರ್, ಎತ್ಕೋಪ್ಪ."

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ಮೇಲೆ ವಜಾ ಆದೇಶ, ಸಹಿಯೊಂದೇ ಬಾಕಿ. ಪಕ್ಕದಲ್ಲಿ ಎರಡು ಕಂಪ್ಯೂಟರ್: ಮಕ್ಕಳ ವಾರ್ಡಿನದು, ಹೆರಿಗೆ ವಾರ್ಡಿನದು. ಮೇಟ್ರನ್ ಎರಡರಲ್ಲೂ ಒಂದೊಂದು ಸುಳ್ಳು ವರದಿ ಹಾಕಿಸಿ, ಎಂದಿನ ಆಜ್ಞೆಯನ್ನೇ ಕೊಡಲು ಹೇಳಿದರು. ಆಪರೇಟರ್ ಎರಡರಲ್ಲೂ ಅದನ್ನೇ ಟೈಪ್ ಮಾಡಿದಳು. ಹೆರಿಗೆ ವಾರ್ಡಿನ ವರದಿ ಮಾಯವಾಯಿತು. ಮಕ್ಕಳ ವಾರ್ಡಿನದು ಹಾಗೇ ಇತ್ತು.

"ಕೈ ಒಂದೇ, ಆಜ್ಞೆ ಒಂದೇ," ಎಂದರು ಮೇಟ್ರನ್. "ಹಾಗಾದ್ರೆ ಈ ಪೊರಕೆ ಬೇರೆ ಯಾರದೋ ಮಾತನ್ನೂ ಕೇಳ್ತಿದೆ. ವಾರ್ಡಲ್ಲಿ ನರ್ಸು ನನ್ನ ಮಾತಷ್ಟೇ ಅಲ್ಲ, ಗೋಡೆ ಮೇಲಿನ ಸೂಚನೆನೂ ಪಾಲಿಸ್ತಾಳೆ. ಇದಕ್ಕೂ ಅಂಥ ಗೋಡೆ ಇದೆಯಾ?"

"ಎಲ್ಲ ಯಂತ್ರಕ್ಕೂ ಸೇರಿ ಒಂದು ಸಾಮಾನ್ಯ ಸಂರಚನಾ ಕಡತ ಇದೆಯಂತೆ, ಪೊರಕೆಗೆ ಕಾಯಂ ಸೂಚನೆ ಬರೆದಿಡೋದು ಅದರಲ್ಲೇ," ಎಂದಳು ಆಪರೇಟರ್. "ನಮಗೆ ತೆರೆಯೋಕೆ ಬಿಡಲ್ಲ."

"ಬೀಗದ ಕೈ ಯಾರ ಹತ್ರ?"

ಸೂಪರಿಂಟೆಂಡೆಂಟರು ಮುಖ್ಯಸ್ಥರತ್ತ ತಿರುಗಿದರು. ಕಡತ ತೆರೆಯಲೇಬೇಕಾಯಿತು. ಅದರಲ್ಲಿತ್ತು: ವರದಿಗಳನ್ನೂ ಅಳಿಸು, ಕೇಳಬೇಡ.

"ಈ ಕಡತ ಹೊಸ ಯಂತ್ರಕ್ಕೆ ಇನ್ನೂ ತಲುಪಿರಲಿಲ್ಲ. ಅದಕ್ಕೇ ಅದು ಉಳೀತು," ಎಂದರು ಮೇಟ್ರನ್. "ಕೆಟ್ಟ ಯಂತ್ರಗಳ ಮುಂದೆ ಆಸ್ಪತ್ರೆಯೇ ಅಳ್ತಿರುವಾಗ ನೀವು ಕೆಡದ ಯಂತ್ರದ ಹತ್ರ ಓಡಿದ್ರಿ, ಸ್ವಾಮಿ. ಅದಕ್ಕೂ ಈ ಕಡತ ಹಾಕಿಬಿಟ್ರೆ ವ್ಯತ್ಯಾಸ ಯಾರಿಗೂ ಕಾಣ್ತಿರಲಿಲ್ಲ."

ಮುಖ್ಯಸ್ಥರು ತಲೆ ತಗ್ಗಿಸಿದರು. "ನಿನ್ನೆ ಎಕ್ಸ್‌ರೇ ವಿಭಾಗದ ಹಳೇ ವರದಿ ತೆಗೀತಿದ್ದೆ. ಪ್ರತಿ ಸಲ ಹೌದು ಹೌದು ಅಂತ ಒತ್ತೋದು ಬೇಜಾರಾಯ್ತು. ಈ ಕಡತದಲ್ಲಿ ಒಂದು ಸಾಲು ಬರೆದೆ. ತೆಗೆಯೋದು ಮರೆತೆ."

"ಮರೆತದ್ದು ತಪ್ಪು. ನೆನಪಾದ ಮೇಲೂ ಇವಳ ಕಡೆ ಬೆರಳು ತೋರಿಸಿದ್ದು ಅಪರಾಧ."

ಕಾಂಪೌಂಡರನ ಮೈ ಉರಿಯಿತು. ಒಬ್ಬನ ಬೇಸರ ಮರೆಯಲ್ಲಿ ಒಂದು ಸಾಲಾಗಿ, ಎಲ್ಲರ ಮೇಲೆ ಕಾನೂನಾಗಿತ್ತು. ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾದವರು ರೋಗಿಗಳು. ಕುತ್ತಿಗೆ ಒಡ್ಡಬೇಕಾದವಳು ಗುತ್ತಿಗೆಯವಳು.

ಸೂಪರಿಂಟೆಂಡೆಂಟರು ಆದೇಶ ಹರಿದರು. "ಇನ್ಮೇಲೆ ಆ ಬೀಗದ ಕೈ ನನ್ನ ಹತ್ರ ಇರಲಿ."

"ಬೀಗದ ಮಾತಲ್ಲ ಸಾರ್. ಆ ಕಡತ ಬೇಕೇ ಬೇಕಾ ಅನ್ನೋದು ಮಾತು. ಅದರ ಕೆಳಗೆ ದುಡಿಯೋಳನ್ನ ಕೇಳಿ," ಎಂದರು ಮೇಟ್ರನ್.

"ಬೇಡ ಸಾರ್," ಎಂದಳು ಅವಳು. "ಏನು ಗುಡಿಸಬೇಕೋ ಅದೆಲ್ಲ ನಾನು ಕೊಡೋ ಆಜ್ಞೆಯಲ್ಲೇ ಇರಲಿ."

"ದಿನಾ ಅಷ್ಟುದ್ದ ಟೈಪ್ ಮಾಡ್ತೀಯಾ?"

"ಮಾಡ್ತೀನಿ. ನನ್ನ ಕೈಯಿಂದ ಏನಾಗ್ತಿದೆ ಅಂತ ನನ್ನ ಕಣ್ಣಿಗೆ ಕಾಣಬೇಕು."

ಸೂಪರಿಂಟೆಂಡೆಂಟರು ಒಪ್ಪಿದರು. ಮುಖ್ಯಸ್ಥರು ಆತುರಾತುರವಾಗಿ ಆ ಕಡತ ಅಳಿಸಲು ಕೈಚಾಚಿದರು.

"ಸ್ವಲ್ಪ ತಾಳಿ," ಎಂದಳು ಆಪರೇಟರ್. "ಮೊದಲು ಅದರ ಪ್ರತಿ ತೆಗೆದು ಸಾರ್ ಕೈಗೆ ಕೊಡಿ. ನಾಳೆ ಅದೂ ನಾನೇ ಅಳಿಸಿದ್ದು ಅಂತೀರಿ."