ಬಸಲಿಂಗವ್ವನ ಹೆಸರಿನ ನಲವತ್ತು ಪ್ಯಾಕೆಟ್

ಬಾಂದ್ರಾದ ಮಾಧುರಿ ಎಂಬಾಕೆ ಜೋಳದ ರೊಟ್ಟಿ ತಿಂದು ಆಸ್ಪತ್ರೆ ಸೇರಿದಳು. ಒಂದು ಚಿಟಿಕೆ ಗೋಧಿ ಹೊಟ್ಟೆಗೆ ಹೋದರೂ ಕರುಳು ಕಿತ್ತು ಬರುವ ಕಾಯಿಲೆ ಅವಳದು. ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: 'ಅಪ್ಪಟ ಜೋಳ. ಗೋಧಿ ಇಲ್ಲ.' ಪಕ್ಕದಲ್ಲಿ ಬಸಲಿಂಗವ್ವನ ಫೋಟೋ. ತಯಾರಿಸಿದ ದಿನ ಜುಲೈ 29.

ಲ್ಯಾಬ್ ರಿಪೋರ್ಟ್ ಬಂತು. ಅರ್ಧಕ್ಕರ್ಧ ಗೋಧಿ!

ಫುಡ್ ಇನ್‌ಸ್ಪೆಕ್ಟರ್ ಶುಭಾಂಗಿ ಭಾಂಡುಪಿನ ನಮ್ಮ ಚಾಳಿಗೆ, ಸಾಲುಖೋಲಿಗಳ ಹಳೇ ಕಟ್ಟಡಕ್ಕೆ, ಬಂದಾಗ ನಾನು ಬಾಗಿಲಲ್ಲೇ ಇದ್ದೆ. ನಾನು ಗುರಲಿಂಗಪ್ಪ. ಬಸಲಿಂಗವ್ವನ ನೆರೆಯವನು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಮುಚ್ಚಿದ ಪೆಟ್ಟಿಗೆ ಮೂಸಿ, ಒಳಗಿನ ಮಾವಿನಹಣ್ಣು ಎಷ್ಟು, ಅದರಲ್ಲಿ ಕೊಳೆತದ್ದೆಷ್ಟು, ಕಳಿಸಿದವನ ಹೆಂಡತಿ ಮುನಿಸಿಕೊಂಡಿದ್ದಾಳೋ ಇಲ್ಲವೋ, ಎಲ್ಲ ಹೇಳುತ್ತಿದ್ದೆ. ಮುಂಬಯಿ ಪೊಲೀಸರು ನನ್ನನ್ನು ಇನ್ನೂ ಕರೆದಿಲ್ಲ. ಅದು ಅವರ ದುರದೃಷ್ಟ.

"ಇದು ನಿಮ್ಮದೇ ಏನ್ರಿ?" ಶುಭಾಂಗಿ ಸೀಲ್ ಮಾಡಿದ ಚೀಲ ಎತ್ತಿ ಹಿಡಿದರು. ಸಾಂಗ್ಲಿಯವರು. ಅವರ ಕನ್ನಡ ಅಲ್ಲಲ್ಲಿ ಎಡವುತ್ತಿತ್ತು.

ಬಸಲಿಂಗವ್ವನಿಗೆ ಓದು ಬರದು. ಫೋಟೋ ನೋಡಿದಳು. "ಮಾರಿ ನಂದ ಐತಿ."

"ಗೋಧಿ ಹಾಕ್ತೀರಾ?"

"ಗೋಧಿ ಹಾಕೂದಿದ್ರ ಕೈ ಸುಟ್ಕೊಂಡು ಯಾಕ ಬಡೀಲಿ? ಲಟ್ಟಿಸಿ ಒಗದ್ರ ಆತಲ್ಲ! ಇಲ್ಲಿ ಕೊಡ್ರಿ, ಮುಟ್ಟಿ ಹೇಳ್ತೇನಿ."

"ಮುಟ್ಟೋ ಹಾಗಿಲ್ಲ. ಸೀಲ್ ಆಗಿದೆ. ಐದು ದಿವಸ ಟೈಮ್. ಜವಾಬು ಕೊಡಿ. ಇಲ್ಲಾಂದ್ರೆ ಲೈಸೆನ್ಸ್ ಹೋಗ್ತದೆ."

ಅವರು ಹೋದ ಮೇಲೆ ಬಸಲಿಂಗವ್ವ ಗೋಡೆಗೆ ಒರಗಿದಳು. ಗಂಡನಿಲ್ಲ, ಮಕ್ಕಳಿಲ್ಲ. ಅರವತ್ತು ಬಾಗಿಲಿನ ಚಾಳಿನಲ್ಲಿ ಅರ್ಧಕ್ಕೆ ಬೀಗ. ಜನರೆಲ್ಲ ಹೊಸ ಟವರ್‌ಗಳ ಫ್ಲಾಟು ಸೇರಿದ್ದಾರೆ.

"ಗುರಲಿಂಗಣ್ಣಾ, ಈ ಊರಾಗ ನನ್ನ ಹೆಸರಂತ ಇರೂದು ಆ ಪಾಕೀಟಿನ ಮ್ಯಾಲ ಅಷ್ಟ. ಅದೂ ಹೋದ್ರ?"

"ಐದು ದಿನ ಯಾಕ? ನನಗ ಐದು ತಾಸು ಸಾಕು" ಎಂದೆ. ನಾಲ್ಕು ದಿನ ಹಿಡಿಯಿತು. ಅದನ್ನು ಎಲ್ಲೂ ಹೇಳಬೇಡಿ.

*

"ನಿನ್ನ ರೊಟ್ಟಿ ಯಾರ‍್ಯಾರ ಕೈ ದಾಟ್ತೈತಿ?"

"ಜೋಳ ತರೂದು, ಬೀಸಿಸೂದು, ಪಾಕೀಟ ಕಟ್ಟೂದು, ಬಾಂದ್ರಾಕ್ಕ ಮುಟ್ಟಸೂದು, ಎಲ್ಲಾ ಪ್ರಶಾಂತ. ಬಡಿಯೂದಷ್ಟ ನಾ. ಈ ಶ್ರಾವಣದಾಗ ಪಂಚಮಿ ಹಬ್ಬ ಬಿಟ್ಟರ ಒಂದು ದಿನಾನೂ ತಪ್ಪಿಸಿಲ್ಲ."

ಪ್ರಶಾಂತ ಉಡುಪಿ ಕಡೆಯವನು. ಮೂವತ್ತೈದರ ಗಂಡಸು. ದಿನಾ ಬೆಳಿಗ್ಗೆ ಬಂದು 'ದೊಡ್ಡಮ್ಮಾ' ಎಂದು ಕರೆದು, ಚಹಾ ಕುಡಿದು, ಬಾಂದ್ರಾದ ಸುದ್ದಿ ಹೇಳಿ, ರೊಟ್ಟಿ ಒಯ್ಯುವನು. ಇಡೀ ದಿನದಲ್ಲಿ ಅವಳ ಕೂಡ ಕೂತು ಮಾತಾಡುವವನು ಅವನೊಬ್ಬನೇ. ನಾನು ಮಾತಾಡುವುದಿಲ್ಲ, ಭಾಷಣ ಮಾಡುತ್ತೇನೆ.

ಮೊದಲು ಹಿಟ್ಟಿನ ಗಿರಣಿಗೆ ಹೋದೆ. ಮಾಲೀಕ ತಿಲಕ್. ಅವನ ರೆಪ್ಪೆಯ ಮೇಲೇ ಒಂದು ಸೇರು ಹಿಟ್ಟಿತ್ತು.

"ಗೋಧಿ ಬೀಸಿದ ಗಿರಣಿಗೇ ಜೋಳ ಸುರೀತಿ, ಹೌದಲ್ಲೋ?"

"ಅಂಕಲ್, ಜೋಳಕ್ಕೆ ಬೇರೆ ಗಿರಣಿ ಇದೆ. ಕಣ್ಣಿಗೆ ಕನ್ನಡಕ ಹಾಕ್ಕೊಂಡು ಬನ್ನಿ."

ಎರಡೂ ಗಿರಣಿ ಬೆಳ್ಳಗಿದ್ದವು. ಸಿಕ್ಕಿಬಿದ್ದ ಕಳ್ಳ! ಅಲ್ಲಿಂದಲೇ ಶುಭಾಂಗಿಗೆ ಫೋನ್ ಹಚ್ಚಿದೆ.

"26ರ ಪ್ಯಾಕೆಟ್, 31ರ ಪ್ಯಾಕೆಟ್ ಕೂಡ ಟೆಸ್ಟ್ ಮಾಡಿದ್ದೇವೆ" ಎಂದರು. "ಅದ್ರಲ್ಲಿ ಗೋಧಿ ಇಲ್ಲ."

ಬಸಲಿಂಗವ್ವ ಹೇಳಿದಂತೆ ಆ ವಾರದ ಹಿಟ್ಟೆಲ್ಲ ಒಂದೇ ಚೀಲದ್ದು. ಗಿರಣಿಯ ತಪ್ಪಾಗಿದ್ದರೆ ಮೂರರಲ್ಲೂ ಗೋಧಿ ಸಿಗಬೇಕಿತ್ತು. ತಿಲಕನಿಗೆ ಕ್ಷಮಾದಾನ ಕೊಟ್ಟು ಹೊರಬಿದ್ದೆ. ಅವನು ಕೇಳಿರಲಿಲ್ಲ.

*

ಬಾಂದ್ರಾದ ಅಂಗಡಿ. ಒಳಗೆ ಹಿಮಾಲಯದ ಚಳಿ. ಮಾಲೀಕ ಶಶಿಕಾಂತ, ಬೆಳಗಾವಿಯವನು.

"ಪ್ಯಾಕೆಟ್ ಇಲ್ಲೇ ಬದಲಾತೇನು?"

"ನನಗೇನ್ರಿ ಲಾಭ? ನೋಡ್ರಿ." ರಿಜಿಸ್ಟರ್ ತಿರುಗಿಸಿದ. 29ನೇ ತಾರೀಖು, ಸಂಜೆ, ನಲವತ್ತು ಪ್ಯಾಕೆಟ್. ಪ್ರಶಾಂತನ ಸಹಿ. "ಆ ದಿನದ ಪ್ಯಾಕೆಟ್ ಆರು ಉಳಿದಿದ್ವು. ಸೀಲ್ ಒಡೆದಿರಲಿಲ್ಲ. ಇನ್‌ಸ್ಪೆಕ್ಟರ್ ಒಯ್ದು ನೋಡಿದ್ರು, ಎಲ್ಲದರಾಗೂ ಗೋಧಿ."

"ಒಂದು ದಿನ ರೊಟ್ಟಿ ಬರದಿದ್ದರ?"

"ಶೆಲ್ಫ್ ಖಾಲಿ ಬಿದ್ರ ಮರುದಿನ ಆ ಜಾಗ ಬ್ಯಾರೆ ಕಂಪನಿಗೆ. ಎಲ್ಲಾರಿಗೂ ಅದ ರೂಲ್."

"ಬಸಲಿಂಗವ್ವನ್ನ ನೋಡೀರೇನು?"

"ಫೋಟೋದಾಗ. ನಾವು ನೋಡಿದ್ದು ಪ್ರಶಾಂತನ್ನ ಮಾತ್ರ."

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಮೈಮೇಲೆ ಸಾವಿರ ಜನ ಬಿದ್ದಿದ್ದರೂ ಒಬ್ಬನೂ ಮಾತಾಡಿಸಲಿಲ್ಲ. ಜುಲೈ 29, ಮಂಗಳವಾರ. ಅಂದು ನಾನೇನು ಮಾಡಿದೆ? ನನ್ನಂಥವನ ದಿನಗಳು ಒಂದರ ಜೆರಾಕ್ಸ್ ಇನ್ನೊಂದು. ಆದರೆ ಆ ತಿಂಗಳು ನನ್ನ ಬಾಗಿಲನ್ನು ಒಬ್ಬರು ಒಂದೇ ಒಂದು ಸಲ ಬಡಿದಿದ್ದರು. ಯಾರು? ಯಾಕೆ?

ಕುರ್ಲಾ ಬರುವಷ್ಟರಲ್ಲಿ ಹೊಳೆಯಿತು. ಎದ್ದು ನಿಂತೆ. ಸೀಟು ಹೋಯಿತು. ಹೋಗಲಿ.

*

ಮರುದಿನ ಬೆಳಿಗ್ಗೆ ಬಸಲಿಂಗವ್ವನ ಖೋಲಿಗೆ ಶುಭಾಂಗಿಯನ್ನು ಕರೆಸಿದ್ದೆ. ಪ್ರಶಾಂತ ಎಂದಿನಂತೆ ಬಂದು ಚಹಾದ ಕಪ್ಪು ಹಿಡಿದು ಕೂತ.

"29ನೇ ತಾರೀಖು, ಮಂಗಳವಾರ. ನಲವತ್ತು ಪ್ಯಾಕೆಟ್ ರೊಟ್ಟಿ ಎಲ್ಲಿಂದ ಒಯ್ದಿ?"

"ಎಂತ ಕೇಳ್ತೀರಿ ಮಾರಾಯ್ರೆ? ಇಲ್ಲಿಂದಲೇ."

"ಮೊದಲ ಬಡಿದಿಟ್ಟದ್ದೋ, ಅವತ್ತು ಬಡಿದದ್ದೋ?"

"ಅವತ್ತಿನದ್ದೇ. ಹಂಚಿನಿಂದ ಇಳಿಸಿದ್ದು. ಬಿಸಿ ಇತ್ತು, ಕೈ ಸುಟ್ಟಿತು."

ಬಸಲಿಂಗವ್ವ ಸೆರಗು ಬಾಯಿಗೆ ಒತ್ತಿದಳು. ಶುಭಾಂಗಿ ಫೋನಿನಲ್ಲಿ ತಾರೀಖು ನೋಡಿ ಹಣೆ ಬಡಿದುಕೊಂಡರು. "ಅಗಬಾಯಿ! ಅವತ್ತು ನಾಗಪಂಚಮಿ! ನಮ್ಮ ಮನೇಲೂ ತವಾ ಇಡೋದಿಲ್ಲ!"

ನಾನು ಗಂಟಲು ಸರಿಮಾಡಿಕೊಂಡೆ. ಇಂಥ ಗಳಿಗೆಗಾಗಿಯೇ ನಾನು ಹುಟ್ಟಿದ್ದು.

"ಪಂಚಮಿ ದಿನ ನಮ್ಮ ಕಡೆ ಒಲಿ ಮ್ಯಾಲ ಹಂಚು ಇಡೂದಿಲ್ಲ. ಹಂಚು ಕಾಸಿದ್ರ ನಾಗಪ್ಪನ ಹೆಡಿ ಸುಟ್ಟಂಗ ಅಂತಾರ. ರೊಟ್ಟಿ ಎಲ್ಲಾ ಮೊದಲ ಬಡಿದಿಟ್ಟಿರ್ತಾರ. ಅವತ್ತು ಬಸಲಿಂಗವ್ವ ಶೇಂಗಾ ಉಂಡಿ ಹಿಡ್ಕೊಂಡು ನನ್ನ ಬಾಗಲಾ ಬಡಿದ್ಲು. 'ಇವತ್ತು ಒಲಿ ಆರಿಸೇನಿ' ಅಂದ್ಲು. ಈಕಿಗೆ ಪಂಚಮಿ ಗೊತ್ತು, ಪಾಕೀಟಿನ ಮ್ಯಾಲಿನ ತಾರೀಖು ಓದಾಕ ಬರೂದಿಲ್ಲ. ಹಂಗಾಗಿ ಎರಡೂ ಒಂದ ದಿನ ಅಂತ ಹೊಳೀಲಿಲ್ಲ. ಪ್ರಶಾಂತ, ನಿಮ್ಮ ಕಡೆ ನಾಗಬನಕ್ಕ ಹಾಲೆರೀತೀರಿ. ಈ ಹಂಚಿನ ಮಾತು ನಿನಗ ಗೊತ್ತಿರಲಿಲ್ಲ."

ಪ್ರಶಾಂತನ ಚಹಾ ಆರುತ್ತಿತ್ತು.

"ದೊಡ್ಡಮ್ಮ ರಜೆ ಅಂದ್ರು" ಎಂದ ಕೊನೆಗೆ. "ಶೆಲ್ಫ್ ಖಾಲಿ ಬಿದ್ರೆ ಅವರ ಜಾಗವೇ ಹೋಗ್ತಿತ್ತು. ನನ್ನ ಕೆಲಸವೂ. ಬೈಕುಲ್ಲಾದಲ್ಲಿ ಒಂದು ವರ್ಕ್‌ಶಾಪ್ ಉಂಟು, ಮೆಷಿನ್ ರೊಟ್ಟಿ. ಜೋಳದ್ದೇ ಅಂದ್ರು. ನಾನು ಹೆಚ್ಚು ಕೇಳ್ಲಿಲ್ಲ. ಲೇಬಲ್ ನನ್ನ ಹತ್ರವೇ ಇತ್ತು. ಒಂದೇ ದಿನ, ಮಾರಾಯ್ರೆ."

"ಆ ಹೆಂಗಸು ಆಸ್ಪತ್ರೆ ಸೇರಿದ ಮೇಲಾದ್ರೂ?" ಶುಭಾಂಗಿ ಕೇಳಿದರು. "ಇವರ ಮೇಲೆ ಆರೋಪ ಬಂದಾಗಲಾದ್ರೂ ಹೇಳ್ಬೇಕಿತ್ತಲ್ಲ?"

ಪ್ರಶಾಂತ ಕಪ್ಪು ಕೆಳಗಿಟ್ಟ. ಬಸಲಿಂಗವ್ವನ ಕಡೆ ನೋಡದೆ ಶುಭಾಂಗಿಯ ಹಿಂದೆ ಮೆಟ್ಟಿಲಿಳಿದು ಹೋದ.

*

ಮಧ್ಯಾಹ್ನ ಶುಭಾಂಗಿ ಫೋನ್ ಮಾಡಿದರು. ನೋಟಿಸ್ ರದ್ದು. ಮಾಧುರಿ ಹುಷಾರಾಗಿ ಮನೆಗೆ ಹೋಗಿದ್ದಾಳೆ. ಶೆಲ್ಫಿನ ಜಾಗವನ್ನು ಶಶಿಕಾಂತ ಎರಡು ದಿನ ಹಿಡಿದಿಡುತ್ತಾನಂತೆ.

"ನಿನ್ನ ಹೆಸರು ಉಳಿಸಿದೆ ನೋಡು!" ಎಂದೆ. "ದೆಹಲಿಯಿಂದ ದೊಡ್ಡ ದೊಡ್ಡ ಅಧಿಕಾರಿಗಳು ಇಳಿದಿದ್ದರೂ ಆಗ್ತಿರಲಿಲ್ಲ."

ಬಸಲಿಂಗವ್ವ ಪ್ರಶಾಂತ ಬಿಟ್ಟುಹೋದ ಚಹಾ ಚೆಲ್ಲಿ ಕಪ್ಪು ತೊಳೆಯುತ್ತಿದ್ದಳು.

"ಹೆಸರು ಉಳೀತು, ಗುರಲಿಂಗಣ್ಣ. ನಾಳಿ ಮುಂಜಾನೆ ಯಾರು ಬರ್ತಾರ?"

"ನಾ ಒಯ್ತೇನಿ ರೊಟ್ಟಿ."

"ನಿನಗ ಬಾಂದ್ರಾ ದಾರಿ ಗೊತ್ತೈತೇನು?"

"ಬಾಂದ್ರಾ ಕಟ್ಟಿಸಿದವನೇ ನಾನು!"

ಅವಳು ನಗಲಿಲ್ಲ. ತೊಳೆದ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ಕೂತಳು. ನಾನೂ ಕೂತೆ. ಭಾಷಣ ಮಾಡಲಿಲ್ಲ.