ನಾಲ್ಕನೇ ದಿನದ ಬೆಂಕಿ

ಒಲೆಯ ಬಾಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು.

ಲಿಬೆರಾ ಕೈಯಲ್ಲಿದ್ದ ಚೀಲವನ್ನು ಅಂಗಳದಲ್ಲೇ ಬಿಟ್ಟಳು. ಸಲೆರ್ನೊದ ಸೋದರತ್ತೆಯ ಮನೆಯಿಂದ ಹದಿನೈದು ದಿನಗಳ ಮೇಲೆ ಅವಳು ಊರಿಗೆ ಬಂದಿದ್ದು ಈಗಷ್ಟೇ. ಹೋಗುವಾಗ ಹಿತ್ತಲಿನ ಅಂಜೂರದ ಮರದ ಬಳಿ ಖಾಲಿ ಜಾಗವಿತ್ತು. ಈಗ ಅಲ್ಲಿ ಇಟ್ಟಿಗೆಯ ಗುಮ್ಮಟವೊಂದು ಎದ್ದಿದೆ, ಅದರೊಳಗೆ ಮನುಷ್ಯನೊಬ್ಬ ಸಿಕ್ಕಿಹಾಕಿಕೊಂಡಿದ್ದಾನೆ!

"ಅಪ್ಪಾ..." ಎನ್ನುತ್ತಾ ಅವಳು ಆ ಎರಡೂ ಕಾಲು ಹಿಡಿದು ಜಗ್ಗಿದಳು.

ಹೊರಬಂದವನು ಅಪ್ಪನಲ್ಲ. ಹುಬ್ಬಿನವರೆಗೆ ಒದ್ದೆ ಮರಳು ಮೆತ್ತಿಕೊಂಡಿದ್ದ ಮೂವತ್ತರ ಗಂಡಸು.

"ಇನ್ನೊಂದು ಹಿಡಿ ಮರಳು ಉಳಿದಿತ್ತು ನೋಡಿ" ಎಂದ, ಕಣ್ಣು ಉಜ್ಜಿಕೊಳ್ಳುತ್ತಾ. "ಅಲ್ಲಾ, ನಿಮ್ಮಪ್ಪನ್ನ ಒಲೆಯೊಳಗೆ ಯಾಕೆ ಹುಡುಕ್ತಿದ್ರಿ?"

ಲಿಬೆರಾಗೆ ನಾಚಿಕೆಯಾಯಿತು, ನಗುವೂ ಬಂತು. "ಮರಳು ಯಾಕೆ ಒಳಗೆ ತುಂಬಿದ್ರಿ?"

"ಮರಳು ಗುಡ್ಡೆ ಹಾಕಿ ಅದರ ಮೇಲೆ ಇಟ್ಟಿಗೆ ಕಟ್ಟೋದು. ಆಮೇಲೆ ಬಾಯಿಂದ ಮರಳು ತೋಡಿ ತೆಗೀಬೇಕು. ಬೀಳದೆ ನಿಂತ್ರೆ ಒಲೆ."

"ಬಿದ್ರೆ?"

"ಬಿದ್ರೆ ನೀವು ಎಳೀತಿದ್ರಲ್ಲ ಕಾಲು."

ಅವನ ಹೆಸರು ಅನಿಯೆಲ್ಲೊ. ಅವನ ತಾತ ಆ ಸುತ್ತಿನ ಗುಡ್ಡಗಳಲ್ಲೆಲ್ಲ ಒಲೆ ಕಟ್ಟಿದವನು. ಬಾಯಿಯ ಕಮಾನು ಕಟ್ಟಲು ಆ ತಾತ ಮಾಡಿಟ್ಟ ಚೆಸ್ಟ್‌ನಟ್ ಮರದ ಅಚ್ಚನ್ನೇ ಮೊಮ್ಮಗ ಈಗಲೂ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ. ಲಿಬೆರಾಳ ಅಪ್ಪ ಪೆಲ್ಲೆಗ್ರೀನೊಗೆ ಮೊಂತೆಫೆಲ್ಚೆ ಎಂಬ ಆ ಊರಿನಲ್ಲಿ ಎಂಟು ಮೇಜಿನ ಪುಟ್ಟ ಊಟದಂಗಡಿ. ಕ್ರಿಸ್‌ಮಸ್‌ಗೆ ಹಿತ್ತಲಲ್ಲಿ ಪಿಜ್ಜಾ ಬೇಯಲೇಬೇಕು ಎಂದು ಹಟ ಹಿಡಿದಿದ್ದ.

ಗಾರೆ ಬಿಗಿಯಲು ಒಂದು ವಾರ ಒಲೆಗೆ ಒದ್ದೆ ಗೋಣಿ ಹೊದಿಸಿದರು. ಆಮೇಲೆ ಅನಿಯೆಲ್ಲೊ ತಂದೆ ಮಗಳಿಬ್ಬರನ್ನೂ ಒಲೆಯ ಮುಂದೆ ನಿಲ್ಲಿಸಿ ಹೇಳಿದ: "ಏಳು ದಿನ ಸಣ್ಣ ಬೆಂಕಿ. ಮೊದಲನೇ ದಿನ ಒಂದು ಹಿಡಿ ಕಡ್ಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ಡಿಸೆಂಬರ್ ಚಳಿ, ಇಟ್ಟಿಗೆ ಒಳಗೆ ಇನ್ನೂ ನೀರಿದೆ. ಅದು ನಿಧಾನಕ್ಕೆ ಹೋಗ್ಬೇಕು. ಗುಮ್ಮಟ ಒಳಗೆ ಮಸಿ ಹಿಡಿದು ಕಪ್ಪಗಿರ್ಬೇಕು. ನಾನು ಹೇಳೋವರೆಗೂ ದೊಡ್ಡ ಸೌದೆ ಮುಟ್ಟಬೇಡಿ."

"ಪಾದ್ರಿಗಳಿಗಿಂತ ಉದ್ದ ಉಪದೇಶ ಆಯ್ತಲ್ಲೋ" ಎಂದ ಪೆಲ್ಲೆಗ್ರೀನೊ.

ದಿನಾ ಬೆಳಿಗ್ಗೆ ಕಡ್ಡಿ ಹಚ್ಚಲು ಅನಿಯೆಲ್ಲೊನೇ ಬರುತ್ತಿದ್ದ. ಲಿಬೆರಾ ಕಾಫಿ ತರುತ್ತಿದ್ದಳು. ಹಿಡಿ ಕಡ್ಡಿ ಉರಿಯಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ! ಇವರಿಬ್ಬರಿಗೆ ಮಾತ್ರ ಎರಡು ಗಂಟೆ ಸಾಲುತ್ತಿರಲಿಲ್ಲ. ಮೂರನೇ ದಿನ ಅವಳ ಕೂದಲಿಗೆ ಹಾರಿದ ಬೂದಿಯ ಚೂರನ್ನು ಅವನು ತೆಗೆದ. ತೆಗೆದ ಕೈ ಅಲ್ಲೇ ಒಂದು ಕ್ಷಣ ನಿಂತಿತು.

"ನಾಳೆ ನನ್ನ ಹೆಸರಿನ ಸಂತನ ಹಬ್ಬ" ಎಂದ. "ಅಮ್ಮ ಮಧ್ಯಾಹ್ನದ ಊಟ ಮುಗಿಯೋವರೆಗೂ ಬಿಡಲ್ಲ. ಬೆಳಿಗ್ಗೆ ಕಡ್ಡಿ ನೀವೇ ಹಚ್ಚಿ. ಸಂಜೆ ಬರ್ತೀನಿ."

ಅವತ್ತೇ ಲಿಬೆರಾಳ ತಲೆಯೊಳಗೆ ಆ ಹುಚ್ಚು ಹೊಕ್ಕಿದ್ದು. ಅವನು ಕಟ್ಟಿದ ಒಲೆಯ ಮೊದಲ ಪಿಜ್ಜಾ ಅವನಿಗೇ, ಅವನ ಹೆಸರಿನ ದಿನವೇ!

*ಒಂದು ದಿನ ಹೆಚ್ಚು ಉರಿ ಹಾಕಿದ್ರೆ ಏನಾಗುತ್ತೆ...*

ಮರುದಿನ ಅಪ್ಪ ಸಂತೆಗೆ ಹೋಗಿದ್ದ. ಮಧ್ಯಾಹ್ನ ಅವಳು ಓಕ್ ಸೌದೆಯ ಮೂರು ದಪ್ಪ ತುಂಡು ಒಳಗೆ ತಳ್ಳಿದಳು. ಅಂಜೂರದ ಕೆಳಗಿನ ಮೇಜಿಗೆ ಬಟ್ಟೆ ಹಾಸಿ, ತೀರಿಹೋದ ಅಮ್ಮನ ಎರಡು ನೀಲಿ ತಟ್ಟೆ, ಎರಡು ಲೋಟ ಇಟ್ಟಳು. ಉರಿ ಗುಮ್ಮಟವನ್ನು ನೆಕ್ಕತೊಡಗಿತು. ನೋಡನೋಡುತ್ತಿದ್ದಂತೆ ಮಸಿಯೆಲ್ಲ ಸುಟ್ಟುಹೋಗಿ ಒಳಗಿನ ಇಟ್ಟಿಗೆ ಬೆಳ್ಳಗಾಯಿತು. ಎಷ್ಟು ಚೊಕ್ಕವಾಯಿತು ಎಂದು ಅವಳು ಹಿಗ್ಗಿದಳು.

ಆಗ ಒಳಗಿನಿಂದ ಕೇಳಿತು... ಟಕ್.

ನೆತ್ತಿಯ ಇಟ್ಟಿಗೆ ಒಂದು ಬೆರಳು ಕೆಳಕ್ಕೆ ಜಾರಿತ್ತು. ಅಲ್ಲಿಂದ ಬಾಯಿಯವರೆಗೆ ಬಿರುಕು ಓಡಿತ್ತು.

ಲಿಬೆರಾ ಓಡಿ ಸಲಿಕೆ ತಂದಳು. ಬೆಂಕಿಯನ್ನು ಎಳೆದು ಬಕೆಟ್ಟಿಗೆ ಹಾಕಿದಳು, ಬೂದಿಯನ್ನು ದ್ರಾಕ್ಷಿ ಬಳ್ಳಿಗಳ ಬುಡಕ್ಕೆ ಸುರಿದಳು. ಮೇಜು ಎತ್ತುವ ಮೊದಲೇ ಅಪ್ಪನ ವ್ಯಾನು ಬಂತು, ಅದರ ಹಿಂದೆಯೇ ತನ್ನ ಅಮ್ಮ ಕೊಟ್ಟ ಸಿಹಿಯ ಪೊಟ್ಟಣ ಹಿಡಿದು ಅನಿಯೆಲ್ಲೊ.

"ಇದೇನೋ ಕಟ್ಟಿದ್ದು ನೀನು?" ಪೆಲ್ಲೆಗ್ರೀನೊನ ದನಿ ಬೀದಿಗೆ ಕೇಳಿತು. "ಕಡ್ಡಿ ಬೆಂಕಿಗೇ ಬಾಯಿ ಬಿಟ್ಟಿದೆ. ತಾತನ ಹೆಸರು ಹೇಳ್ಕೊಂಡು ಊರಿಗೆಲ್ಲ ಟೋಪಿ ಹಾಕ್ತಿದೀಯಾ?"

ಅನಿಯೆಲ್ಲೊ ಒಲೆಯೊಳಗೆ ತಲೆ ತೂರಿಸಿದ. ಬಹಳ ಹೊತ್ತು ತೆಗೆಯಲೇ ಇಲ್ಲ. ಹೊರಬಂದು ಮೇಜಿನ ಕಡೆ ನೋಡಿದ, ಎರಡು ತಟ್ಟೆಗಳ ಕಡೆ ನೋಡಿದ. ಲಿಬೆರಾಳ ಕಡೆ ನೋಡಲಿಲ್ಲ.

*ಹೇಳು... ಈಗಲೇ ಹೇಳು...* ಅವಳ ನಾಲಿಗೆ ಏಳಲಿಲ್ಲ.

"ತಪ್ಪು ನಂದೇ" ಎಂದ ಅನಿಯೆಲ್ಲೊ. "ಗಾರೆ ಹದ ತಪ್ಪಿತ್ತು."

ಸಿಹಿಯ ಪೊಟ್ಟಣವನ್ನು ಗೋಡೆಯ ಮೇಲಿಟ್ಟು ಹೊರಟುಹೋದ.

ಆಮೇಲಿನ ಮೂರು ತಿಂಗಳು ಲಿಬೆರಾ ಹೇಗೆ ಕಳೆದಳೋ ಆ ದೇವರಿಗೇ ಗೊತ್ತು. ಊರಿನ ಬಾರಿನಲ್ಲಿ ಅವನಿಗೆ 'ಬಿರುಕಿನ ಅನಿಯೆಲ್ಲೊ' ಎಂದು ಹೆಸರು ಬಿತ್ತು. ಚರ್ಚಿನ ಅಂಗಳಕ್ಕೆ ಅವನೇ ಒಲೆ ಕಟ್ಟಬೇಕೆಂದು ಆಗಿದ್ದ ಮಾತು ಮುರಿಯಿತು. ಅವನು ಪಟ್ಟಣಕ್ಕೆ ಹೋಗಿ ಸ್ನಾನದ ಮನೆಗಳಿಗೆ ಟೈಲ್ಸ್ ಅಂಟಿಸತೊಡಗಿದ. ಅವಳು ಎಷ್ಟೋ ಸಲ ಮೊಬೈಲಿನಲ್ಲಿ 'ನಿಮ್ಮ ಹತ್ತಿರ ಒಂದು ಮಾತು' ಎಂದು ಬರೆದಳು, ಅಳಿಸಿದಳು. ಹಿತ್ತಲಿನ ಒಲೆಯ ಮೇಲೆ ಟಾರ್ಪಾಲು ಹೊದಿಸಿದ್ದರು. ಪಾತ್ರೆ ತೊಳೆಯುವಾಗ ಕಿಟಕಿಯಿಂದ ಅದೇ ಕಾಣುತ್ತಿತ್ತು. ಅವಳು ಕಿಟಕಿಗೆ ಬೆನ್ನು ಮಾಡಿ ತೊಳೆಯುವುದನ್ನು ಕಲಿತಳು.

*ಒಂದು ಮಾತಿಗೆ ಹೆದರಿ ಒಬ್ಬನ ಬದುಕನ್ನೇ ಕಸಿದೆನಲ್ಲ... ನಾನು ಎಂಥ ಹೆಣ್ಣು?*

ಮಾರ್ಚ್ ತಿಂಗಳ ಒಂದು ಭಾನುವಾರ, ಚರ್ಚಿನ ಪೂಜೆ ಮುಗಿಸಿ ಬ್ರೆಡ್ ಕೊಳ್ಳಲು ನಿಂತಿದ್ದಾಗ, ಅನಿಯೆಲ್ಲೊನ ತಾಯಿ ರಕೆಲೀನಾ ಪಕ್ಕದವಳ ಹತ್ತಿರ ಹೇಳುತ್ತಿದ್ದುದು ಲಿಬೆರಾಳ ಕಿವಿಗೆ ಬಿತ್ತು.

"ಅವನ ತಾತನ ಕಮಾನಿನ ಅಚ್ಚು ಇದೆಯಲ್ಲಾ, ಅದನ್ನ ಇವತ್ತು ಸೌದೆಗೆ ಕಡೀತಾನಂತೆ ಕಣೆ. ಇನ್ನು ಒಲೆ ಸಹವಾಸ ಬೇಡ ಅಂತಾನೆ. ನಾನು ಹೆತ್ತವಳು, ಏನಂತ ಹೇಳ್ಲಿ..."

ಲಿಬೆರಾ ಬ್ರೆಡ್ ಅಲ್ಲೇ ಬಿಟ್ಟಳು. ಕಾಲು ಮೊದಲು ಒಯ್ದದ್ದು ಬಾರಿಗೆ. ಅಪ್ಪ ಇಸ್ಪೀಟಾಡುತ್ತಿದ್ದ. ಜೊತೆಗೆ ಪಾದ್ರಿ, ಅಂಚೆಯವನು, ಊರಿನ ಅರ್ಧ ಗಂಡಸರು.

"ಅಪ್ಪಾ, ಒಲೆ ಬಿರುಕು ಬಿಟ್ಟಿದ್ದು ನನ್ನಿಂದ."

"ಆಮೇಲೆ ಮಾತಾಡೋಣ, ಈಗ ಕೈಯಲ್ಲಿ ಒಳ್ಳೇ ಎಲೆ ಇದೆ."

"ಇಲ್ಲ, ಈಗಲೇ. ಎಲ್ಲರೂ ಕೇಳಿಸ್ಕೊಳ್ಳಿ. ಅವತ್ತು ನೀವು ಸಂತೆಗೆ ಹೋದಾಗ ನಾನು ಓಕ್ ಸೌದೆ ಹಾಕಿ ಉರಿಸಿದೆ. ಬೂದಿ ದ್ರಾಕ್ಷಿ ಬುಡಕ್ಕೆ ಸುರಿದೆ. ಅನಿಯೆಲ್ಲೊ ಗಾರೆ ಚೆನ್ನಾಗೇ ಇತ್ತು. ನೀವು ಅವನಿಗೆ ಬೈತಿದ್ದಾಗ ನಾನು ಕಂಬದ ಹಾಗೆ ನಿಂತಿದ್ದೆ. ಬಿರುಕು ಅಂತ ಹೆಸರಿಡೋದಿದ್ರೆ ನನಗಿಡಿ."

ಯಾರೂ ಎಲೆ ಇಳಿಸಲಿಲ್ಲ. ಪೆಲ್ಲೆಗ್ರೀನೊನ ಮುಖ ಕೆಂಪಾಗಿ, ಆಮೇಲೆ ಬಾಡಿಹೋಯಿತು.

"ಅವನ ತಾತನ್ನೂ ಎಳೆದು ಬೈದೆನಲ್ಲೇ ನಾನು..." ಎಂದ, ಎಲೆಗಳನ್ನು ಕೆಳಗಿಟ್ಟು. "ಹೋಗು. ಮೊದಲು ನೀನು ಹೋಗು. ನಿನ್ನ ಹಿಂದೆ ನಾನು ಬರ್ತೀನಿ."

ಅನಿಯೆಲ್ಲೊನ ಅಂಗಳದಲ್ಲಿ ಕೊಡಲಿ ಗೋಡೆಗೆ ಒರಗಿತ್ತು. ಅಚ್ಚು ಮರದ ದಿಮ್ಮಿಯ ಮೇಲಿತ್ತು. ಅವನು ಅಂಗಿಯ ತೋಳು ಮಡಚುತ್ತಿದ್ದ. ಲಿಬೆರಾ ಓಡಿ ಬಂದವಳು ಮಾತಿಲ್ಲದೆ ಆ ಅಚ್ಚಿನ ಮೇಲೆ ಕುಳಿತುಬಿಟ್ಟಳು.

"ಏಳಿ" ಎಂದ.

"ಏಳಲ್ಲ. ನನ್ನ ಮಾತು ಮುಗಿಯೋವರೆಗೂ ಏಳಲ್ಲ. ನಾನು ಅವತ್ತು ದೊಡ್ಡ ಬೆಂಕಿ..."

"ಗೊತ್ತು."

"ಗೊತ್ತಾ?"

"ಒಲೆಯೊಳಗೆ ತಲೆ ಹಾಕಿದ ತಕ್ಷಣ ಗೊತ್ತಾಯ್ತು. ಕಪ್ಪಗಿರ್ಬೇಕಾದ ಗುಮ್ಮಟ ಬೆಳ್ಳಗಿತ್ತು. ಕಡ್ಡಿ ಬೆಂಕಿಗೆ ಮಸಿ ಸುಡಲ್ಲ, ಲಿಬೆರಾ."

"ಮತ್ತೆ ಯಾಕೆ ತಪ್ಪು ನಂದು ಅಂದ್ರಿ? ಮೂರು ತಿಂಗಳು... ನಾನು ದಿನಾ ಸತ್ತೆ."

ಅನಿಯೆಲ್ಲೊ ನೆಲ ನೋಡುತ್ತಾ ಹೇಳಿದ: "ಎರಡು ತಟ್ಟೆ ಇತ್ತು. ನಿಮ್ಮಪ್ಪ ಊರಲ್ಲಿರ್ಲಿಲ್ಲ. ಯಾರೋ ಬಂದಿದ್ದ, ಅಪ್ಪಂಗೆ ಹೇಳೋ ಹಾಗಿಲ್ಲ ಅನ್ಕೊಂಡೆ. ಬೇರೆಯವನಿಗೋಸ್ಕರ ನೀವು ಬೈಸ್ಕೊಳ್ಳೋದು ನನಗೆ ನೋಡೋಕಾಗ್ತಿರ್ಲಿಲ್ಲ. ಆಮೇಲೆ ಆ ಒಲೆ ಮುಖ ನೋಡೋಕೂ ಆಗ್ಲಿಲ್ಲ. ಯಾವ ಒಲೆ ಮುಖಾನೂ."

ಲಿಬೆರಾ ಅವನನ್ನೇ ನೋಡಿದಳು. ಅಳು ತಡೆಯಲಾಗಲಿಲ್ಲ.

"ಅಯ್ಯೋ ಪೆದ್ದ... ಅವತ್ತು ಯಾರ ಹೆಸರಿನ ಹಬ್ಬ ಇತ್ತು?"

ಅವನು ತಲೆಯೆತ್ತಿದ.

"ಯಾರು ಸಂಜೆ ಬರ್ತೀನಿ ಅಂದಿದ್ರು? ಆ ತಟ್ಟೆ ನಿನ್ನದು. ಮೊದಲನೇ ಪಿಜ್ಜಾ ನಿನಗೆ ಕೊಡ್ಬೇಕು ಅಂತ ಆಸೆಪಟ್ಟೆ. ನಿನ್ನ ಮೇಲಿನ ಆಸೆಗೇ ನಿನ್ನ ಒಲೆ ಒಡೆದೆ, ನಿನ್ನ ಹೆಸರೂ ಕಳೆದೆ. ಈಗ ಬಾರಲ್ಲಿ ಎಲ್ಲರ ಮುಂದೆ ಹೇಳಿ ಬಂದಿದೀನಿ. ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ."

ಅನಿಯೆಲ್ಲೊ ಅವಳೆದುರು ಮಂಡಿಯೂರಿ ಕುಳಿತ. ಅವನ ಕಣ್ಣೂ ತುಂಬಿತ್ತು.

"ಎಲ್ಲರ ಮುಂದೆ ಹೇಳಿದ್ಯಾ?"

"ಪಾದ್ರಿಗಳೂ ಇದ್ರು."

"ನಾನೂ ಒಂದು ಮಾತು ಕೇಳ್ಬಹುದಿತ್ತು" ಎಂದ ಮೆಲ್ಲಗೆ. "ಯಾರಿಗೆ ಆ ತಟ್ಟೆ ಅಂತ. ಅಷ್ಟೂ ಧೈರ್ಯ ಬರ್ಲಿಲ್ಲ. ನೀನೊಬ್ಬಳೇ ಹೇಡಿ ಅಲ್ಲ ಬಿಡು."

ಅವನು ಕೊಡಲಿಯನ್ನು ಕಾಲಿನಿಂದ ದೂರ ತಳ್ಳಿದ. ಅವಳ ಕೈ ಹಿಡಿದ. ಬಾಗಿಲಲ್ಲಿ ಪೆಲ್ಲೆಗ್ರೀನೊ ಟೋಪಿ ತೆಗೆದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಅವನು ಒಂದು ಕ್ಷಣ ನೋಡಿ, ಕ್ಷಮೆಯನ್ನು ಅರ್ಧ ಗಂಟೆ ಮುಂದೂಡಿ, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ.

"ಆ ಗುಮ್ಮಟ ರಿಪೇರಿ ಆಗುತ್ತಾ?" ಲಿಬೆರಾ ಕೇಳಿದಳು.

"ನೆತ್ತಿ ಜಾರಿದ ಮೇಲೆ ಆಗಲ್ಲ. ಬಿಚ್ಚಿ ಮತ್ತೆ ಕಟ್ಬೇಕು. ಇಟ್ಟಿಗೆ ಅವೇ ಸಾಕು. ಮರಳು ನೀನೇ ಹೊರ್ಬೇಕು."

"ಹೊರ್ತೀನಿ. ಸಣ್ಣ ಬೆಂಕಿ ಎಷ್ಟು ದಿನ?"

"ಏಳು."

"ನಾಲ್ಕನೇ ದಿನ ನನ್ನನ್ನ ನಂಬಿ ಬಿಟ್ಟು ಹೋಗ್ತೀಯಾ?"

ಅನಿಯೆಲ್ಲೊ ಸ್ವಲ್ಪ ಯೋಚಿಸಿದ. "ಹೋಗ್ತೀನಿ. ಸಂಜೆ ಬರ್ತೀನಿ."

ಮೂರು ತಿಂಗಳ ಮೇಲೆ ಮೊದಲ ಸಲ ಅವಳ ಎದೆ ಹಗುರಾಯಿತು.

"ಮೇಜು ಹಾಸಿರ್ತೀನಿ" ಎಂದಳು. "ಬರೀ ಬ್ರೆಡ್ಡು, ಚೀಸು. ಒಲೆ ಮುಟ್ಟಲ್ಲ."

"ನೀಲಿ ತಟ್ಟೆ ಇಡ್ತೀಯಾ?"

"ಎರಡು ಇಡ್ತೀನಿ."

"ಯಾರಿಗೆ ಅಂತ ಈ ಸಲ ಕೇಳ್ತೀನಿ" ಎಂದ.

"ಕೇಳು" ಎಂದಳು ಲಿಬೆರಾ. "ದಿನಾ ಕೇಳು. ದಿನಾ ಹೇಳ್ತೀನಿ."