ಹಿತ್ತಾಳೆ ನಲ್ಲಿ

“ಸೂಜಿ ಬಂತಾ?”

ಬಾಗಿಲು ಪೂರ್ತಿ ತೆರೆಯುವ ಮೊದಲೇ ಅವಳ ಪ್ರಶ್ನೆ ಒಳಗೆ ಬಂದಿತ್ತು.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇದ್ದ ಆ ಕೋಣೆಯಲ್ಲಿ ಹಾಡಹಗಲಲ್ಲೂ ಕತ್ತಲೆ. ಹಾಗಾಗಿ ಅದನ್ನು ನಡೆಸುವವನಿಗೆ ಇಡೀ ಸಂಸ್ಥೆಯಲ್ಲಿ ‘ಕತ್ತಲೆ ಸಾರ್’ ಎಂದೇ ಹೆಸರು. ಅವಳನ್ನೂ ಯಾರೂ ಸುಮ್ಮನೆ ಬಿಟ್ಟಿರಲಿಲ್ಲ. ಅವಳು ‘ತುಕ್ಕು ರಾಣಿ’. ಕಬ್ಬಿಣದ ಉಪ್ಪನ್ನು ನೀರಿನಲ್ಲಿ ಕರಗಿಸಿ, ಕ್ಷಾರ ಬೆರೆಸಿ, ಬಾಟಲಿಯನ್ನು ಓವನ್ನಿನಲ್ಲಿ ಬೆಚ್ಚಗಿಟ್ಟು ತುಕ್ಕು ಬೆಳೆಸುವುದೇ ಅವಳ ಸಂಶೋಧನೆ.

“ಇಲ್ಲ,” ಎಂದ ಅವನು. “ಬರೀ ಪುಡಿ.”

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಪರದೆಯ ಮಂದ ಬೆಳಕು ಅವಳ ಕೆನ್ನೆಯ ಮೇಲೆ ಬಿತ್ತು. ಅವನು ಪರದೆ ಬಿಟ್ಟು ಕೆನ್ನೆ ನೋಡಿದ.

“ನನ್ನ ಮುಖದ ಮೇಲೆ ಏನಾದ್ರೂ ಬರೆದಿದೆಯಾ?”

“ಇಲ್ಲ... ಫೋಕಸ್ ಮಾಡ್ತಿದ್ದೆ.”

“ಮೆಷಿನ್ ಆ ಕಡೆ ಇದೆ ಸಾರ್.”

ನಗುತ್ತಲೇ ಹೇಳಿದಳು. ಆದರೆ ನಗು ತುಟಿಯಿಂದ ಮೇಲೇರಲಿಲ್ಲ.

ಕೆಂಪು ಪುಡಿ ಕೆಲವು ದಿನ ಶಾಖದಲ್ಲಿದ್ದರೆ ಹಳದಿಗೆ ತಿರುಗಬೇಕು. ಆಗ ಪುಡಿಯ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು ಬೆಳೆದಿರುತ್ತವೆ. ಬಾವಿ ನೀರಿನ ವಿಷವನ್ನು ಹಿಡಿದಿಟ್ಟುಕೊಳ್ಳುವ ಸೂಜಿಗಳು. ಮೊದಲ ವರ್ಷ ಅವು ಚೆನ್ನಾಗಿಯೇ ಬಂದಿದ್ದವು, ಬೇರೆ ಊರಿನ ದೊಡ್ಡ ಲ್ಯಾಬೊಂದು ಅವಳಿಗೆ ಜಾಗ ಕೊಡುವುದಾಗಿಯೂ ಹೇಳಿತ್ತು. ರಜೆ ಮುಗಿದ ಮೇಲೆ ಅದೇನಾಯಿತೋ, ಬಾಟಲಿ ಕೆಂಪಾಗಿಯೇ ಕೂತಿತು. ಉಪ್ಪು ಬದಲಾಯಿಸಿದಳು, ಕ್ಷಾರ ಬದಲಾಯಿಸಿದಳು, ಓವನ್ನನ್ನೇ ಬದಲಾಯಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ.

ಅವನ ಮನಸ್ಸಿನಲ್ಲಿ ಮಾತ್ರ ಬೇರೆಯದೇ ಓಡುತ್ತಿತ್ತು. ಕೆಂಪು ಎಂದರೆ ನಾಳೆಯೂ ಅವಳು ಬರುತ್ತಾಳೆ. ಹಳದಿ ಎಂದರೆ ಗಂಟುಮೂಟೆ ಕಟ್ಟುತ್ತಾಳೆ. ದೇವರೇ, ಇನ್ನೊಂದು ವಾರ ಕೆಂಪಾಗಿರಲಿ ಎಂದು ಅವನು ಗುಟ್ಟಾಗಿ ಬೇಡಿಕೊಂಡಿದ್ದ. ಅದೂ ಅವನಿಗೇ ನಾಚಿಕೆಯಾಗುವಷ್ಟು ಸಲ.

“ಸೂಜಿ ಸೂಜಿ ಅಂತ ಅಷ್ಟೊಂದು ಯಾಕೋ ಒದ್ದಾಡ್ತೀರ?” ಎಂದು ಬಟ್ಟೆ ಹೊಲಿಯುವ ಅವನ ಅಕ್ಕ ರೇಗಿಸಿದ್ದಳು. “ನನ್ನ ಹತ್ರ ಡಬ್ಬಿ ತುಂಬ ಇವೆ. ತಗೊಂಡು ಹೋಗಿ ಕೊಟ್ಟು, ಮದುವೆ ಆಗ್ತೀಯಾ ಅಂತ ಕೇಳು. ಕೆಲಸ ಮುಗೀತು.”

ಆ ದಿನ ಪಕ್ಕದಲ್ಲಿ ಕೂತಿದ್ದ ಅವಳು ಪರದೆ ನೋಡುತ್ತಲೇ ಹೇಳಿದಳು. “ನಮ್ಮ ಲ್ಯಾಬಿನ ದೊಡ್ಡ ಮೇಡಂ ಕರೆದಿದ್ರು. ಮೊದಲ ವರ್ಷದ ಸೂಜಿಗಳು ನಿಜವಾಗ್ಲೂ ನೀನು ಮಾಡಿದ್ದೇನಾ ಅಂತ ಕೇಳಿದ್ರು.”

“ಫೋಟೋ ತೆಗೆದವನು ನಾನು. ನನ್ನನ್ನ ಕೇಳ್ಲಿ!”

“ಫೋಟೋ ನೀವು ತೆಗೆದ್ರಿ. ಬಾಟಲಿ ತಂದುಕೊಟ್ಟಿದ್ದು ನಾನಲ್ವಾ? ಅಂಗಡಿ ಪುಡಿನೂ ಹಾಗೇ ಕಾಣುತ್ತಂತೆ.” ಅವಳು ಕಣ್ಣೊರೆಸಿಕೊಂಡಳು. “ಕಳ್ಳಿ ಅಂತ ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೇ. ರಿಸರ್ಚ್ ಬಿಟ್ಬಿಡು, ಇಲ್ಲೇ ಕೆಳಗಡೆ ಮಕ್ಕಳಿಗೆ ಪಾಠ ಹೇಳ್ಕೊಂಡಿರು ಅಂದ್ರು.”

ಇಲ್ಲೇ. ಆ ಒಂದು ಮಾತಿಗೆ ಅವನ ಮನಸ್ಸು ಹಿಗ್ಗಿತು. ಹಿಗ್ಗಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ಹೋದ ಮೇಲೆ ಮತ್ತೊಮ್ಮೆ ನೋಡೋಣ ಎಂದು ಕೂತ. ಕಣಗಳನ್ನು ಕೂರಿಸಲು ಕಾಳಿಗಿಂತ ಚಿಕ್ಕದಾದ ತಾಮ್ರದ ಜಾಲರಿ ಬಳಸುತ್ತಾರೆ. ಹಾಗಾಗಿ ಯಾವ ಯಾವ ಲೋಹ ಇದೆ ಎಂದು ಮೆಷಿನ್ ಬರೆಯುವ ಗ್ರಾಫಿನ ಗೀಟಿನಲ್ಲಿ ತಾಮ್ರ ಯಾವಾಗಲೂ ತಲೆ ಎತ್ತಿ ನಿಂತಿರುತ್ತದೆ. ಜಾಲರಿಯದ್ದು ಎಂದು ಯಾರೂ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಅಂದು ತಾಮ್ರದ ಜಾಲರಿ ಮುಗಿದಿತ್ತು. ನಿಕಲ್ ಜಾಲರಿ ಹಾಕಿದ.

ತಾಮ್ರ ಆಗಲೂ ತಲೆ ಎತ್ತಿ ನಿಂತಿತು. ಅದರ ಪಕ್ಕದಲ್ಲಿ, ಸಣ್ಣಗೆ, ಸತು.

ತಾಮ್ರ, ಸತು. ಎರಡೂ ಸೇರಿದರೆ ಹಿತ್ತಾಳೆ.

ಅವಳ ಲ್ಯಾಬಿನಲ್ಲಿ ಬಟ್ಟಿ ಇಳಿಸಿದ ನೀರಿನ ಡ್ರಮ್ಮಿಗೆ ಮೊದಲು ಪ್ಲಾಸ್ಟಿಕ್ ನಲ್ಲಿ ಇತ್ತು. ಅದು ಸೋರಿ ಸೋರಿ ಅವಳ ಪಾದ ಸದಾ ಒದ್ದೆ. ಒದ್ದೆ ಚಪ್ಪಲಿಯ ಗುರುತು ಅವನ ಕೋಣೆಯವರೆಗೂ ಬರುತ್ತಿತ್ತು. ರಜೆಯಲ್ಲಿ, ಯಾರಿಗೂ ಹೇಳದೆ, ಅವನೇ ಒಂದು ಗಟ್ಟಿ ಹಿತ್ತಾಳೆ ನಲ್ಲಿ ತಂದು ಹಾಕಿದ್ದ. ಅಷ್ಟು ಶುದ್ಧ ನೀರು ಹಸಿದಿರುತ್ತದೆ, ಮುಟ್ಟಿದ ಲೋಹವನ್ನು ಚೂರುಚೂರೇ ನೆಕ್ಕುತ್ತದೆ. ಕರಗಿದ ತಾಮ್ರ ಕೆಂಪು ಪುಡಿಗೆ ಅಂಟಿಕೊಂಡು ಸೂಜಿ ಬೆಳೆಯಲು ಸುಲಭವಾಗಿ ಬಿಡುವುದಿಲ್ಲ. ಇದೆಲ್ಲ ಅವನು ಓದಿದ್ದೇ.

ಬಾಯಿ ಮುಚ್ಚಿಕೊಂಡಿದ್ದರೆ ಅವಳು ಇಲ್ಲೇ ಇರುತ್ತಾಳೆ. ಈ ಯೋಚನೆ ಬಂದದ್ದು ಸುಳ್ಳಲ್ಲ. ಮನೆಯಲ್ಲಿ ಅಕ್ಕ ಬಡಿಸಿದ್ದು ತಟ್ಟೆಯಲ್ಲೇ ಒಣಗಿತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನ ಕಾರಿಡಾರಿನಲ್ಲಿ ಕಂಡಳು. ಪುಸ್ತಕಗಳನ್ನು ಎದೆಗೊತ್ತಿಕೊಂಡು, ತಲೆ ತಗ್ಗಿಸಿ ಕೆಳಗಿನ ಮಹಡಿಗೆ ಇಳಿಯುತ್ತಿದ್ದಳು. ಅವನು ಎದುರಿಗೇ ನಿಂತಿದ್ದರೂ ಸೂಜಿ ಬಂತಾ ಎಂದು ಕೇಳಲಿಲ್ಲ.

ಆ ಪ್ರಶ್ನೆ ಇಲ್ಲದ ಅವಳನ್ನು ಇಟ್ಟುಕೊಂಡು ಏನು ಮಾಡುವುದು? ಅವನು ಕೋಣೆಯಿಂದ ನಲ್ಲಿ ಬಿಚ್ಚುವ ಸ್ಪ್ಯಾನರ್ ತಂದು ಅವಳ ಹಿಂದೆ ಓಡಿದ.

“ರೀ, ನಿಲ್ರೀ! ನಿಮ್ಮ ಬಾಟಲಿ ಕೆಡಿಸಿದ್ದು ನಾನೇ.”

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಜಾಲರಿ, ತಾಮ್ರ, ನಲ್ಲಿ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ಆ ನಲ್ಲಿ ಯಾಕೆ ಹಾಕಿದ್ರಿ?”

“ನಿಮ್ಮ ಕಾಲು ಒದ್ದೆ ಆಗ್ತಿತ್ತು.”

ಅವಳು ತನ್ನ ಪಾದದ ಕಡೆ ನೋಡಿಕೊಂಡಳು. “ನಾನು ಆಫೀಸಿನವರು ಹಾಕ್ಸಿದ್ದು ಅಂದ್ಕೊಂಡಿದ್ದೆ.”

“ಇನ್ನೊಂದಿದೆ,” ಎಂದ. “ನಲ್ಲಿ ಹಾಕಿದ್ದು ಗೊತ್ತಿಲ್ಲದೆ. ಆದ್ರೆ ಬಾಟಲಿ ಕೆಂಪಾಗೇ ಇರ್ಲಿ ಅಂತ ಬೇಡ್ಕೊಂಡಿದ್ದು ಗೊತ್ತಿದ್ದೇ. ನೀವು ಹೋಗ್ಬಿಡ್ತೀರಲ್ಲ ಅಂತ. ನೀವು ಅಳ್ತಿದ್ದಾಗ್ಲೂ ಬೇಡ್ಕೊಂಡೆ.”

ಅವಳ ಕಣ್ಣು ಕೆಂಪಾಯಿತು. ಅವನ ಕೈಯ ಸ್ಪ್ಯಾನರ್ ಕಿತ್ತುಕೊಂಡು ಮೆಟ್ಟಿಲು ಹತ್ತಿ ಹೋದಳು. ಅವನು ಅಲ್ಲೇ ಗೋಡೆಗೆ ಒರಗಿದ. ಎಲ್ಲ ಮುಗಿಯಿತು ಅನ್ನಿಸಿತು.

ಆ ವಾರ ಹೇಗೆ ಕಳೆಯಿತೋ ಅವನಿಗೇ ತಿಳಿಯದು. ಹೆಜ್ಜೆ ಸಪ್ಪಳವಾದಾಗಲೆಲ್ಲ ಕುರ್ಚಿಯಿಂದ ಎದ್ದ, ಮತ್ತೆ ಕೂತ.

ಕೊನೆಗೊಂದು ಮಧ್ಯಾಹ್ನ ಬಾಗಿಲು ತೆರೆಯಿತು. ಅವಳ ಚಪ್ಪಲಿ ಒದ್ದೆಯಾಗಿತ್ತು. ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಒಂದು ಕೆಂಪು. ಇನ್ನೊಂದು ಅಪ್ಪಟ ಹಳದಿ.

“ಮೇಡಂ ನೋಡಿದ್ರು. ತಪ್ಪಾಯ್ತು ಅಂದ್ರು,” ಎಂದಳು. “ನಾಡಿದ್ದು ಆ ದೊಡ್ಡ ಲ್ಯಾಬಿಗೆ ಹೊರಡ್ತೀನಿ.”

ಅವನು ತಲೆಯಾಡಿಸಿದ.

“ಕೋಪ ಇನ್ನೂ ಇಳಿದಿಲ್ಲ,” ಎಂದಳು. “ಆದ್ರೂ ಆ ನಲ್ಲಿ ಎಸೆಯೋಕೆ ಮನಸ್ಸು ಬರ್ಲಿಲ್ಲ. ನನ್ನ ಬ್ಯಾಗಲ್ಲಿದೆ. ಅದು ಇನ್ಮೇಲೆ ನೀರಿಗೆ ಸೇರಬಾರದು, ನನ್ನ ಹತ್ರಾನೇ ಇರ್ಲಿ.” ಆಮೇಲೆ ಕೆಂಪು ಬಾಟಲಿಯನ್ನು ಅವನತ್ತ ಸರಿಸಿದಳು. “ಇದು ಹಳೇದು. ಓವನ್ನಲ್ಲೇ ಇಟ್ಟಿರು. ತಾಮ್ರ ತಡ ಮಾಡುತ್ತೆ, ತಡೆಯಲ್ಲ. ಹಳದಿ ಆದ ದಿನ ನನಗೆ ಫೋನ್ ಮಾಡು. ಆಗ ಮಾತಾಡೋಣ.”

ಇಟ್ಟಿರು. ಮಾಡು. ಇಷ್ಟು ದಿನದ ‘ಸಾರ್’, ‘ನೀವು’ ಎಲ್ಲಿ ಹೋದವು ಎಂದು ಅವನು ಯೋಚಿಸುವಷ್ಟರಲ್ಲಿ ಅವಳು ಹೊರಟಿದ್ದಳು. ನೆಲದ ಮೇಲೆ ಒದ್ದೆ ಹೆಜ್ಜೆಗಳು ಬಾಗಿಲವರೆಗೆ ಹೋಗಿದ್ದವು.

ಅವಳು ಊರು ಬಿಟ್ಟಳು. ಅವನು ದಿನವೂ ಓವನ್ ತೆರೆದು ನೋಡಿದ. ಕೆಂಪು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ, ಅಕ್ಕನಿಗೆ ಫೋಟೋ ತೋರಿಸಿ ಕೇಳಿದ. “ಕೆಂಪೇ ಕಣೋ, ಪೆದ್ದಾ,” ಎಂದಳು ಅಕ್ಕ. ಕೆಂಪಾಗಿರಲಿ ಎಂದು ಬೇಡಿದ ಅದೇ ಬಾಯಿ ಈಗ ಹಳದಿಯಾಗು ಎಂದು ಗೋಗರೆಯಿತು.

ಒಂದು ಸಂಜೆ ಫೋನ್ ಮಾಡಿಯೇಬಿಟ್ಟ.

“ಸೂಜಿ ಬಂತಾ?” ಹಲೋ ಕೂಡ ಇಲ್ಲ. ಆ ಕಡೆಯ ಉಸಿರಿನಲ್ಲಿ ಅವಸರವಿತ್ತು.

ಹೂಂ ಅಂದುಬಿಡಬಹುದಿತ್ತು. ನೋಡುವವರು ಯಾರು?

“ಇಲ್ಲ,” ಎಂದ. “ಬರೀ ಪುಡಿ.”

“ಮತ್ಯಾಕೆ ಫೋನ್ ಮಾಡ್ದೆ?”

“ತಡ್ಕೊಳ್ಳೋಕೆ ಆಗ್ತಿಲ್ಲ.”

ಅವನು ಕಣ್ಣು ಮುಚ್ಚಿಕೊಂಡ.

“ಭಾನುವಾರದ ಬಸ್ಸಿಗೆ ಬಾ,” ಎಂದಳು ಅವಳು, ಅಳುತ್ತಿದ್ದಳೋ ನಗುತ್ತಿದ್ದಳೋ. “ಬಾಟಲಿನೂ ತಗೊಂಡು ಬಾ. ಇಲ್ಲೂ ಓವನ್ ಇದೆ.”